ಸಂಜೆ ಐದಕ್ಕೂ ಪೇಟೆಗೆ ಬರುವ ಧಣಿ

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ಕೆಲಸಕ್ಕೆ ಹೋದರು ಅಂತ ಚೆಕ್‌ರೋಲಿನಲ್ಲಿ ಬರೆಯುವುದು, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿಸುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು. ಇಷ್ಟು ನನ್ನ ಕೆಲಸ. ನಾನು ಕಥೋಲಿಕ ಕ್ರೈಸ್ತ. ದೇವರು ಅಂದಾಗ ನನ್ನ ಕಣ್ಣ ಮುಂದೆ ಯಾರು ಬರುತ್ತಾರೆ, ಆ ಚಿತ್ರ ಹಿಡಿದುಕೊಂಡು ನಾನು ದಿನಾ ಪ್ರಾರ್ಥನೆ ಹೇಗೆ ಮಾಡುತ್ತೇನೆ ಅನ್ನೋದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು.

ನಾನು ಬೆಳೆದದ್ದು ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳಿಗೆ ಕಟ್ಟಿದ ಸಾಲುಮನೆಯಲ್ಲಿ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ. ಅದರ ಕೆಳಗೆ ಪುಟ್ಟ ಕೆಂಪು ಬಲ್ಬು. ಎದೆಯಲ್ಲಿ ಮುಳ್ಳು ಸುತ್ತಿದ ಹೃದಯ, ಹೃದಯದ ಮೇಲೆ ಬೆಂಕಿ. ಹೆಚ್ಚುಕಮ್ಮಿ ಎಲ್ಲ ಕಥೋಲಿಕರ ಮನೆಯಲ್ಲೂ ಈ ಪಟ ಇರುತ್ತದೆ. ಫ್ರಾನ್ಸಿನ ಸನ್ಯಾಸಿನಿ ಮಾರ್ಗರೆಟ್ ಮೇರಿ ಅವರಿಗೆ 1673ರಿಂದ 1675ರವರೆಗೆ ಆದ ದರ್ಶನಗಳಿಂದ ಈ ಭಕ್ತಿ ಎಲ್ಲ ಕಡೆ ಹಬ್ಬಿತು. ಇಟಲಿಯ ಬಟೋನಿ ಅನ್ನುವ ಚಿತ್ರಕಾರ 18ನೇ ಶತಮಾನದಲ್ಲಿ ಬರೆದ ಚಿತ್ರವೇ ಮುಂದೆ ಮನೆಮನೆಯ ಪಟಗಳಿಗೆ ಮಾದರಿ ಆಯಿತು. ಹಾಗಾಗಿ ಅದರಲ್ಲಿರುವುದು ಯೂರೋಪಿನವರ ಮುಖ. ಚಿಕ್ಕವನಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಆ ಕಣ್ಣು ನನ್ನನ್ನೇ ನೋಡುತ್ತವೆ ಅನ್ನೋದೊಂದೇ ಗೊತ್ತಿತ್ತು.

ಅವ್ವ ರಾತ್ರಿ ಊಟಕ್ಕೆ ಮುಂಚೆ ಎಲ್ಲರನ್ನೂ ಕೂರಿಸಿ ಜಪಸರ ಹೇಳಿಸುತ್ತಿದ್ದಳು. ನಾವು ತೂಕಡಿಸಿದರೆ, ಸುಳ್ಳು ಹೇಳಿದರೆ ಅವಳದು ಒಂದೇ ಮಾತು: "ದೇವ್ರು ಎಲ್ಲಾ ಬರ್ಕೊತಾ ಇರ್ತಾರೆ ಕಣೋ." ಅವ್ವ ತೋಟದ ಆಳು. ಬರೆದುಕೊಳ್ಳುವವರ ಕೈಯಲ್ಲಿ ಏನಿರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆಸರು ಬಿಟ್ಟುಹೋದರೆ ಆ ದಿನದ ಕೂಲಿ ಇಲ್ಲ. ನನಗೂ ದೇವರು ಅಂದರೆ ದಪ್ಪ ಪುಸ್ತಕ ಹಿಡಿದು ಮೇಲೆ ಕೂತ ರೈಟರೇ ಆದರು. ಅವ್ವನ ಮಾತಿಗೆ ಬೈಬಲಿನ ಆಧಾರವೂ ಇದೆ. ಕೊನೆಯ ದಿನ ಪುಸ್ತಕಗಳನ್ನು ಬಿಚ್ಚುತ್ತಾರೆ, ಅವುಗಳಲ್ಲಿ ಜೀವದ ಪುಸ್ತಕವೂ ಒಂದು ಅಂತ ಬೈಬಲಿನ ಕೊನೆಯ ಭಾಗವಾದ ಪ್ರಕಟನೆಯಲ್ಲಿ ಬರೆದಿದೆ.

ದೊಡ್ಡವನಾದ ಮೇಲೆ ನಮ್ಮ ಚರ್ಚಿಗೆ ಯೇಸುಸಭೆ (ಜೆಸ್ವಿಟ್) ಅನ್ನುವ ಸನ್ಯಾಸಿ ಸಂಘದ ಒಬ್ಬ ಫಾದರ್ ಧ್ಯಾನಕೂಟ ನಡೆಸಲು ಬಂದರು. ಅವರಿಂದ ನಾನು ಒಂದು ಪ್ರಾರ್ಥನೆಯ ದಾರಿ ಕಲಿತೆ. ಅದು ಅವರ ಸಭೆಯ ಸ್ಥಾಪಕ, ಲೊಯೋಲದ ಸಂತ ಇಗ್ನೇಷಿಯಸ್ ಹಾಕಿಕೊಟ್ಟ ದಾರಿ. ಇಗ್ನೇಷಿಯಸ್ ಯುದ್ಧಕ್ಕೆ ಹೋದ ಮನುಷ್ಯ. 1521ರಲ್ಲಿ ಸ್ಪೇನಿನ ಪಾಂಪ್ಲೋನದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ಕೈಗೆ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಓದುತ್ತಾ ಓದುತ್ತಾ ಆ ಘಟನೆಗಳ ಒಳಗೇ ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಅದನ್ನು ಬೇರೆಯವರಿಗೆ ಹೇಳಿಕೊಡಲು ಬರೆದ ಸಾಧನೆಯ ಕ್ರಮ 1548ರಲ್ಲಿ ಅಚ್ಚಾಯಿತು.

ನಾನು ಮಾಡುವುದು ಹೀಗೆ. ಹಾಜರಿಗೆ ಹೋಗುವ ಮುಂಚೆ, ಮನೆಯವರು ಏಳುವ ಮೊದಲು ಕೂರುತ್ತೇನೆ. ಫೋನು ಇನ್ನೊಂದು ಕೋಣೆಯಲ್ಲಿ. ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ ಶುಭಸಂದೇಶ. ಅದರ ಒಂದು ಘಟನೆಯನ್ನು ನಿಧಾನವಾಗಿ ಎರಡು ಸಲ ಓದಿ ಪುಸ್ತಕ ಮುಚ್ಚುತ್ತೇನೆ. ಮೊದಲು ಜಾಗ ನೋಡಬೇಕು. ದಾರಿ ಹೇಗಿದೆ, ಬಿಸಿಲಾ, ನೆರಳಾ, ಎಷ್ಟು ಜನ ಇದ್ದಾರೆ. ಆಮೇಲೆ ಅಲ್ಲಿರುವವರನ್ನು ಒಬ್ಬೊಬ್ಬರಾಗಿ ನೋಡಬೇಕು, ಅವರ ಮಾತು ಕೇಳಬೇಕು, ಅವರು ಏನು ಮಾಡುತ್ತಾರೆ ಅಂತ ಗಮನಿಸಬೇಕು. ನಾನೂ ಅಲ್ಲೇ ಎಲ್ಲೋ ಒಂದು ಕಡೆ ಇರಬೇಕು. ಕೊನೆಗೆ ಯೇಸು ಸ್ವಾಮಿಯ ಜೊತೆ, ಸ್ನೇಹಿತರ ಜೊತೆ ಮಾತಾಡಿದ ಹಾಗೆ ಮಾತಾಡಬೇಕು. ಇಗ್ನೇಷಿಯಸ್ ಹೇಳಿದ್ದೂ ಇದನ್ನೇ. ಎದ್ದ ಮೇಲೆ, ಮನಸ್ಸು ಎಲ್ಲಿ ನಿಂತಿತು, ಎಲ್ಲಿಂದ ಜಾರಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುತ್ತೇನೆ.

ಬೇರೆ ಬೇರೆ ಘಟನೆ ಹಿಡಿದು ಕೂತಿದ್ದೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮತ್ತಾಯನ 20ನೇ ಅಧ್ಯಾಯ. ಯೇಸು ಹೇಳಿದ, ದ್ರಾಕ್ಷಿತೋಟದ ಕೂಲಿಗಳ ಸಾಮತಿ, ಅಂದರೆ ನೀತಿಕಥೆ.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೋಟದ ಧಣಿ ಬೆಳಿಗ್ಗೆಯೇ ಪೇಟೆಗೆ ಹೋಗಿ ದಿನಕ್ಕೆ ಒಂದು ದಿನಾರಿ ಅಂತ ಮಾತಾಡಿ ಆಳುಗಳನ್ನು ಕರೆತರುತ್ತಾರೆ. ಆಗಿನ ಕಾಲಕ್ಕೆ ಒಬ್ಬ ಆಳಿನ ಒಂದು ದಿನದ ಕೂಲಿ ಅದು. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾರೆ. ಹನ್ನೆರಡಕ್ಕೆ, ಮೂರಕ್ಕೆ ಮತ್ತೆ. ಸಂಜೆ ಐದಕ್ಕೂ ಹೋಗುತ್ತಾರೆ. ಆಗಲೂ ನಿಂತಿದ್ದವರನ್ನು "ಇಡೀ ದಿನ ಇಲ್ಲೇ ಯಾಕೆ ಸುಮ್ನೆ ನಿಂತಿದ್ದೀರಿ?" ಅಂತ ಕೇಳಿದರೆ, "ನಮ್ಮನ್ನು ಯಾರೂ ಕರೆಯಲಿಲ್ಲ" ಅನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾರೆ. ಹೊತ್ತು ಮುಳುಗುವಾಗ ಧಣಿ ಮೇಲ್ವಿಚಾರಕನನ್ನು ಕರೆದು, ಕೊನೆಗೆ ಬಂದವರಿಂದ ಶುರುಮಾಡಿ ಕೂಲಿ ಕೊಡು ಅನ್ನುತ್ತಾರೆ. ಎಲ್ಲರಿಗೂ ಒಂದೊಂದು ದಿನಾರಿ.

ಚರ್ಚಿನಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆ. ಕಣ್ಣು ಮುಚ್ಚಿ ಆ ಪೇಟೆಗೆ ಹೋಗಿ ನಿಂತಾಗ ಮಾತ್ರ ಬೇರೆಯೇ ಕಾಣಿಸಿತು. ಆ ಜಾಗ ನನಗೆ ಗೊತ್ತು. ಅರೇಬಿಕಾ ಕೊಯ್ಲು ಶುರುವಾದ ಮೇಲೆ, ರೋಬಸ್ಟಾ ಮುಗಿಯುವ ತನಕ, ನಮ್ಮ ಕಡೆ ಆಳು ಸಿಗುವುದೇ ಕಷ್ಟ. ಬೆಳಗಾಗುತ್ತಲೇ ಪಿಕಪ್ ಗಾಡಿಗಳು ಬಸ್ ಸ್ಟ್ಯಾಂಡ್ ಹತ್ತಿರ ಬಂದು ಜನ ತುಂಬಿಕೊಂಡು ಹೋಗುತ್ತವೆ. ನಾನೂ ಆ ಕೆಲಸಕ್ಕೆ ಹೋಗಿದ್ದೇನೆ. ಮೊದಲು ಹತ್ತುವವರು ಗಟ್ಟಿ ಹುಡುಗರು, ಕೈ ಚುರುಕಿರುವ ಹೆಂಗಸರು. ಎಲ್ಲ ಗಾಡಿ ಹೋದ ಮೇಲೂ ಅಲ್ಲಿ ಯಾರು ಉಳಿಯುತ್ತಾರೆ? ಮಂಡಿ ಹಿಡಿದುಕೊಂಡ ಮುದುಕರು. ಕಂಕುಳಲ್ಲಿ ಎಳೆಗೂಸು ಇರುವ ತಾಯಿ. ಒಂದು ಕೈ ಸ್ವಾಧೀನ ಇಲ್ಲದವನು. "ನಮ್ಮನ್ನು ಯಾರೂ ಕರೆಯಲಿಲ್ಲ" ಅಂದವರು ಸೋಮಾರಿಗಳಲ್ಲ ಅನ್ನೋದು ನನಗೆ ಹಾಜರಿ ಹಿಡಿಯುವ ಕೆಲಸದಿಂದಲೇ ಅರ್ಥವಾಯಿತು.

ಇನ್ನೊಂದು ವಿಷಯ. ಈ ಕಥೆಯಲ್ಲಿ ನನ್ನ ಕೆಲಸದವನೂ ಒಬ್ಬ ಇದ್ದಾನೆ, ಆ ಮೇಲ್ವಿಚಾರಕ. ಧಣಿ ಅವನನ್ನೇ ಪೇಟೆಗೆ ಕಳಿಸಬಹುದಿತ್ತು, ಅಲ್ವಾ? ಎಲ್ಲ ಕಡೆ ನಡೆಯುವುದು ಹಾಗೇ. ಇಲ್ಲಿ ಧಣಿ ಐದು ಸಲವೂ ತಾವೇ ಹೋಗುತ್ತಾರೆ. ಐದು ಗಂಟೆಗೆ ಕರೆತಂದ ಆಳಿನಿಂದ ತೋಟಕ್ಕೆ ಏನು ಲಾಭ? ಅವರು ನಡೆದು ಬಂದು ಬುಟ್ಟಿ ಹಿಡಿಯುವಷ್ಟರಲ್ಲಿ ಕತ್ತಲಾಗುತ್ತದೆ. ಯಾವ ರೈಟರನ್ನು ಬೇಕಾದರೂ ಕೇಳಿ, ಇದು ನಷ್ಟದ ಲೆಕ್ಕ ಅನ್ನುತ್ತಾನೆ. ಹಾಗಾದರೆ ಆ ಹೊತ್ತಿಗೆ ಧಣಿ ಪೇಟೆಗೆ ಬಂದದ್ದು ದ್ರಾಕ್ಷಿಗಾಗಿ ಇರಲಾರದು. ಅಲ್ಲಿ ಇನ್ನೂ ಯಾರಾದರೂ ನಿಂತಿದ್ದಾರಾ ಅಂತ ನೋಡಲು ಬಂದದ್ದು.

ನಾನು ಕಾಣುವ ದೇವರು ಇವರೇ.

ಪ್ರಾರ್ಥನೆಯಲ್ಲಿ ನಾನು ಆ ಮೇಲ್ವಿಚಾರಕನ ಜಾಗದಲ್ಲಿ ನಿಲ್ಲುತ್ತೇನೆ. ಕೈಯಲ್ಲಿ ದುಡ್ಡಿನ ಚೀಲ. ಕೊನೆಗೆ ಬಂದವನು ಮೊದಲು ಮುಂದೆ ಬರುತ್ತಾನೆ. ಚೂರುಪಾರು ಏನೋ ಸಿಗುತ್ತದೆ ಅಂತ ಅರ್ಧ ಕೈ ಚಾಚುತ್ತಾನೆ. ನಾನು ಪೂರ್ತಿ ದಿನಾರಿ ಇಡುತ್ತೇನೆ. ಅವನು ಕೈ ಮುಚ್ಚುವುದಿಲ್ಲ. ನನಗೆ ಲೆಕ್ಕ ತಪ್ಪಿದೆ ಅಂತ ಅವನ ಅನುಮಾನ. ನನ್ನ ಭುಜದ ಮೇಲಿಂದ ಹಿಂದೆ ನಿಂತ ಧಣಿಯ ಕಡೆ ನೋಡುತ್ತಾನೆ. ನಾನು ತಿರುಗಿ ನೋಡಿದರೆ ನನಗೆ ಮುಖ ಕಾಣುವುದಿಲ್ಲ. ಇವತ್ತಿಗೂ ಕಂಡಿಲ್ಲ. ಕಾಣುವುದು ಕಾಲು. ಬೆಳಗಿನಿಂದ ಪೇಟೆಗೂ ತೋಟಕ್ಕೂ ಓಡಾಡಿ ಕಣಕಾಲವರೆಗೆ ಧೂಳು ಹತ್ತಿದ ಕಾಲು.

ಕೊಯ್ಲಿನ ಒಂದು ಸಂಜೆ ತೂಕದ ಹತ್ತಿರ ನಮ್ಮ ತೋಟದ ಒಬ್ಬ ಹೆಂಗಸಿಗೆ ಈ ಕಥೆ ಹೇಳಿದೆ. ಅವರು ಹಿಂದೂಗಳು, ನನಗಿಂತ ದೊಡ್ಡವರು. "ರೈಟ್ರೇ, ಬೆಳಿಗ್ಗೆಯಿಂದ ದುಡಿದೋರಿಗೆ ಹೊಟ್ಟೆ ಉರಿಯಲ್ವಾ?" ಅಂದರು. "ಉರೀತು ಅಕ್ಕ, ಗೊಣಗಿದ್ರು ಅಂತಾನೂ ಬರೆದಿದೆ" ಅಂದೆ. ಸ್ವಲ್ಪ ಹೊತ್ತು ಚೀಲದ ಬಾಯಿ ಕಟ್ಟುತ್ತಾ ಇದ್ದವರು ಹೇಳಿದರು: "ಆದ್ರೂ ಸರಿಯಾಗೇ ಮಾಡವ್ನೆ ಬಿಡಿ. ಐದು ಗಂಟೆಗೆ ಬಂದೋನ ಮನೇಲೂ ರಾತ್ರಿಗೆ ಅಷ್ಟೇ ಅಕ್ಕಿ ಬೇಯ್ಬೇಕಲ್ಲ." ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅಂತ ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಅದರ ಒಳಗಿನ ಮಾತನ್ನೇ ಅವರು ಆಡಿದ್ದರು.

ಪ್ರೊಟೆಸ್ಟೆಂಟರ ಸಿಎಸ್‌ಐ ಸಭೆಗೆ ಹೋಗುವ ನನ್ನ ಸ್ನೇಹಿತರೊಬ್ಬರಿಗೆ ಈ ರೀತಿ ಚಿತ್ರ ಕಟ್ಟಿಕೊಳ್ಳುವುದು ಅಷ್ಟು ಹಿಡಿಸುವುದಿಲ್ಲ. ಅವರ ಚರ್ಚಿನಲ್ಲಿ ಬರೀ ಶಿಲುಬೆ, ಪ್ರತಿಮೆ ಇಲ್ಲ. ದೇವರ ರೂಪ ಮಾಡಿಕೊಳ್ಳಬಾರದು ಅಂತ ಹತ್ತು ಆಜ್ಞೆಗಳಲ್ಲೇ ಇದೆಯಲ್ಲ ಅಂತ ಕೇಳುತ್ತಾರೆ. ಅವರ ಭಯಭಕ್ತಿಯನ್ನು ನಾನು ಗೌರವಿಸುತ್ತೇನೆ. ಈ ಪ್ರಶ್ನೆ ಹಳೆಯದು. 787ರಲ್ಲಿ ಬಿಷಪ್ಪರೆಲ್ಲ ಸೇರಿದ ನಿಕೇಯದ ಎರಡನೇ ಮಹಾಸಭೆ, ಪಟಕ್ಕೆ ಸಲ್ಲುವ ಗೌರವ ಪಟದಲ್ಲಿರುವವರಿಗೆ ಹೋಗುತ್ತದೆ ಅಂತ ತೀರ್ಮಾನ ಮಾಡಿತು. ಕ್ರಿಸ್ತನೇ ಕಾಣದ ದೇವರ ರೂಪ ಅಂತ ಸಂತ ಪೌಲರ ಪತ್ರ ಹೇಳುತ್ತದೆ. ಆ ಕ್ರಿಸ್ತನ ಬಾಯಿಂದಲೇ ಬಂದ ಕಥೆಯ ಒಳಗೆ ನಿಂತು ನೋಡುವುದಕ್ಕೆ ನನಗೆ ಅಷ್ಟು ಆಧಾರ ಸಾಕು. ಒಂದೇ ರೂಪಕ್ಕೆ ಬೈಬಲೂ ಅಂಟಿಕೊಂಡಿಲ್ಲ. ಯೆಶಾಯನ ಪುಸ್ತಕದಲ್ಲಿ ದೇವರು ಮಗುವನ್ನು ಸಂತೈಸುವ ತಾಯಿ. ಯೇಸು ತಮ್ಮನ್ನೇ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವ ಕೋಳಿ ಅಂದುಕೊಂಡರು. ಧಣಿಯ ರೂಪ ನನಗೆ ಸಿಕ್ಕಿದ್ದು ನನ್ನ ಕೆಲಸದಿಂದ. ನರ್ಸ್ ಒಬ್ಬರಿಗೆ ಬೇರೆ ಸಿಗಬಹುದು.

ಅವ್ವ ತೀರಿಕೊಂಡ ಮಳೆಗಾಲದಲ್ಲಿ ಎಲ್ಲಾ ನಿಂತುಹೋಯಿತು. ಕೂರುತ್ತಿದ್ದೆ, ಓದುತ್ತಿದ್ದೆ, ಕಣ್ಣು ಮುಚ್ಚಿದರೆ ಏನೂ ಇಲ್ಲ. ಪೇಟೆಯೂ ಇಲ್ಲ, ಧಣಿಯೂ ಇಲ್ಲ. ಮನಸ್ಸು ಒಣಗಿದ ಹೊತ್ತಿನಲ್ಲಿ ಹಿಂದೆ ಮಾಡಿದ ತೀರ್ಮಾನ ಬದಲಿಸಬೇಡಿ, ಪ್ರಾರ್ಥನೆ ಕಡಿಮೆ ಮಾಡಬೇಡಿ, ಬದಲಿಗೆ ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಕೂರಿ ಅಂತ ಇಗ್ನೇಷಿಯಸ್ ಹೇಳುತ್ತಾರೆ. ಕೂತೆ. ಚಿತ್ರ ಬಾರದ ದಿನ ಅವ್ವನ ಜಪಸರ ತೆಗೆದುಕೊಂಡು "ನಮೋ ಮರಿಯಾ" ಹೇಳುತ್ತಿದ್ದೆ. ಬಾಯಿಗೆ ಬಂದ ಪ್ರಾರ್ಥನೆ ಅಂಥ ಹೊತ್ತಿನಲ್ಲಿ ಎಷ್ಟು ದೊಡ್ಡ ಆಸರೆ ಅಂತ ಆಗ ಗೊತ್ತಾಯಿತು. ಆ ಮುಂದಿನ ಬೇಸಿಗೆಯಲ್ಲಿ ಹಾಸನಕ್ಕೆ ನೆಂಟರ ಮನೆಗೆ ಹೋದಾಗ ಶೆಟ್ಟಿಹಳ್ಳಿಗೂ ಹೋಗಿದ್ದೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ರೋಸರಿ ಚರ್ಚು, ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿದ್ದು. ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಸೂರಿಲ್ಲ, ಪೀಠ ಇಲ್ಲ, ಒಂದು ಪಟವೂ ಇಲ್ಲ. ಫೋಟೋ ತೆಗೆಸಿಕೊಳ್ಳುವವರ ಗದ್ದಲ. ಅಲ್ಲೂ ನಾನು ಒಂದು ಮೂಲೆಯಲ್ಲಿ ನಿಂತು ಪರಲೋಕ ಪ್ರಾರ್ಥನೆ ಹೇಳಿದೆ.

ಮುಂದಿನ ಕೊಯ್ಲಿನ ಹೊತ್ತಿಗೆ ಚಿತ್ರ ತಾನಾಗೇ ಮರಳಿತು. ಬಂದಾಗ ಐದು ಗಂಟೆಯವರ ಜೊತೆ ಅವ್ವ ನಿಂತಿದ್ದಳು. ಮಂಡಿನೋವು ಜಾಸ್ತಿಯಾದ ಮೇಲೆ ಅವಳನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಆದರೂ ಬೆಳಿಗ್ಗೆ ಹಾಜರಿ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ಧಣಿ ಅವಳನ್ನೂ ಕೇಳಿದರು, ಇಡೀ ದಿನ ಇಲ್ಲೇ ನಿಂತಿದ್ದೀಯಾ ಅಂತ. ಅವಳು ಹೌದು ಅಂದಳು. ನಾನು ಅಳುತ್ತಾ ಅವಳ ಕೈಗೆ ದಿನಾರಿ ಇಟ್ಟೆ. ಅವ್ವ ಹೇಳುತ್ತಿದ್ದ ಪುಸ್ತಕವನ್ನು ನಾನು ಈಗಲೂ ನಂಬುತ್ತೇನೆ. ಆ ಪುಸ್ತಕದಲ್ಲಿ ಅವಳ ಹೆಸರಿದೆ ಅಂತಲೂ ನಂಬುತ್ತೇನೆ.

ತೋಟದಲ್ಲಿ ನಾನು ಎಲ್ಲರಿಗೂ ಒಂದೇ ಕೂಲಿ ಕೊಡಲಾರೆ. ಕೆಜಿ ಲೆಕ್ಕದ ಕೊಯ್ಲು ಕೆಜಿ ಲೆಕ್ಕವೇ. ದರ ನನ್ನ ಕೈಯಲ್ಲಿಲ್ಲ. ಮಾಡಬಹುದಾದ್ದು ಕೆಲವಿದೆ. ತೂಕ ಎಲ್ಲರಿಗೂ ಕಾಣುವ ಹಾಗೆ ಮಾಡುತ್ತೇನೆ. ಬಟವಾಡೆ ಒಂದು ದಿನವೂ ಮುಂದಕ್ಕೆ ಹೋಗದ ಹಾಗೆ ಬೆನ್ನು ಹತ್ತುತ್ತೇನೆ. ವಯಸ್ಸಾದವರಿಗೆ ಕಣದಲ್ಲಿ ಕಾಫಿ ಹರಡುವ, ಕಸ ಆರಿಸುವ ಕೆಲಸ ಇಡಿಸಲು ಮೇಸ್ತ್ರಿ ಜೊತೆ ಮಾತಾಡುತ್ತೇನೆ. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ ಪ್ರದೇಶ, 1963ರಲ್ಲಿ ಆದದ್ದು. ಅದರ ಪ್ರಧಾನಾಲಯ, ಅಂದರೆ ಮುಖ್ಯ ಚರ್ಚು, ಸಂತ ಜೋಸೆಫರ ಹೆಸರಿನದು. ಕೈಕೆಲಸ ಮಾಡಿ ಮನೆ ನಡೆಸಿದ ಬಡಗಿ ಅವರು. ಮೇ 1ರಂದು ಶ್ರಮಿಕ ಜೋಸೆಫರ ಹಬ್ಬ ಬಂದಾಗ ನಮ್ಮ ಆಳುಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಚರ್ಚಿನ ಬಲಿಪೂಜೆಗೆ (ಮಾಸ್) ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಈಗ ನಾನು ನಿಂತಿರುವುದು ಕಥೆಯ ಕೊನೆಯ ಭಾಗದಲ್ಲಿ. ಗೊಣಗಿದವನನ್ನು ಧಣಿ ಗದರುವುದಿಲ್ಲ. "ಗೆಳೆಯಾ" ಅಂತ ಕರೆದು ಮಾತಾಡುತ್ತಾರೆ. ಬೆಳಗಿನಿಂದ ಬಿಸಿಲಲ್ಲಿ ಬೆಂದವನು ಅವನು. ಅವನು ಏನು ಉತ್ತರ ಕೊಟ್ಟ ಅಂತ ಮತ್ತಾಯ ಬರೆದಿಲ್ಲ. ನಾನು ಅವನ ಪಕ್ಕ ನಿಂತು ಕಾಯುತ್ತೇನೆ. ಅವನ ಕೋಪ ನನ್ನೊಳಗೂ ಇದೆ.

ಈ ರೀತಿ ಪ್ರಾರ್ಥನೆ ಶುರುಮಾಡಬೇಕು ಅನ್ನಿಸಿದವರು ಮಾರ್ಕನ 10ನೇ ಅಧ್ಯಾಯದ ಕುರುಡ ಬಾರ್ತಿಮಾಯನಿಂದ ಶುರುಮಾಡಿ. ಚಿಕ್ಕ ಘಟನೆ, ದಾರಿ ಇದೆ, ಜನ ಇದ್ದಾರೆ, ಕೂಗು ಇದೆ. ಬೇಗ ಒಳಗೆ ಹೋಗಬಹುದು. ಆಮೇಲೆ ಲೂಕನ 19ರ ಜಕ್ಕಾಯ, ಯೊವಾನ್ನನ 21ರಲ್ಲಿ ಯೇಸು ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ತಿಂಡಿಗೆ ಕರೆಯುವ ಬೆಳಗು. ಶಿಲುಬೆಯ ಭಾಗವನ್ನು ಈಸ್ಟರಿಗೆ ಮುಂಚಿನ ತಪಸ್ಸುಕಾಲಕ್ಕೆ ಇಟ್ಟುಕೊಳ್ಳಿ. ಒಬ್ಬರೇ ತುಂಬಾ ದಿನ ಮಾಡಬೇಡಿ. ನಿಮ್ಮ ಫಾದರ್ ಹತ್ತಿರವೋ, ಪ್ರಾರ್ಥನೆಯಲ್ಲಿ ಪಳಗಿದ ಹಿರಿಯರ ಹತ್ತಿರವೋ ತಿಂಗಳಿಗೊಮ್ಮೆ ಕೂತು, ಬರೆದುಕೊಂಡದ್ದನ್ನು ಓದಿ ಹೇಳಿ.