ಹಾಸನದಲ್ಲಿ ದೂರದರ್ಶಕದ ಗಣಕ ಮಾದರಿ ತಾಳೆಯಾದದ್ದು: ನನ್ನ ಅನುಭವ

ನಮ್ಮ ದೂರದರ್ಶಕಕ್ಕೆ ಜೋಡಿಸಿದ ರೋಹಿತದರ್ಶಕದ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣ) ಸೀಳಿನಿಂದ, ಪೂರ್ವದಲ್ಲಿರುವ ನಕ್ಷತ್ರವು ಗಂಟೆಗೆ ಅರ್ಧ ಕೋನ ನಿಮಿಷಕ್ಕಿಂತ (ಡಿಗ್ರಿಯ 60ನೇ ಒಂದು ಭಾಗ ಒಂದು ಕೋನ ನಿಮಿಷ) ಹೆಚ್ಚು ಉತ್ತರಕ್ಕೆ ಜಾರುತ್ತಿತ್ತು; ಇಡೀ ವ್ಯವಸ್ಥೆಯ ಗಣಕ ಮಾದರಿ ಮಾತ್ರ ಜಾರುವಿಕೆ ಸೊನ್ನೆ ಎನ್ನುತ್ತಿತ್ತು. ಗೇರು ಬಿಗಿದದ್ದು, ಮೋಟಾರಿನ ವೇಗ ತಿದ್ದಿದ್ದು, ಕನ್ನಡಿ ಹೊಂದಿಸಿದ್ದು ಯಾವುದೂ ಫಲಿಸಲಿಲ್ಲ.

ಕೊರತೆಯಿದ್ದದ್ದು ಮಾದರಿಯ ವಾಯುಮಂಡಲದ ಭಾಗದಲ್ಲಿ. ಮಾದರಿಗೆ ಬಳಸಿದ ಆಸ್ಟ್ರೋಪೈ ಎಂಬ ಖಗೋಳ ಲೆಕ್ಕದ ತಂತ್ರಾಂಶದಲ್ಲಿ ಗಾಳಿಯ ಒತ್ತಡವನ್ನು ನಾವೇ ಕೊಡದಿದ್ದರೆ ಅದು 0 ಎಂದೇ ಉಳಿಯುತ್ತದೆ, ವಕ್ರೀಭವನವು (ಗಾಳಿಯಲ್ಲಿ ಬೆಳಕು ಬಾಗಿ ನಕ್ಷತ್ರ ಇರುವುದಕ್ಕಿಂತ ಮೇಲೆ ಕಾಣುವುದು) ಲೆಕ್ಕಕ್ಕೇ ಬರುವುದಿಲ್ಲ. ಒತ್ತಡ 905 ಹೆಕ್ಟೋಪಾಸ್ಕಲ್, ಉಷ್ಣತೆ 20 ಡಿಗ್ರಿ, ತರಂಗಾಂತರ 0.55 ಮೈಕ್ರಾನ್ ಎಂದು ಕೊಟ್ಟೆ. ಸುಮಾರು 13 ಡಿಗ್ರಿ ಅಕ್ಷಾಂಶದ ಹಾಸನದಲ್ಲಿ ಆಕಾಶದ ಉತ್ತರ ಧ್ರುವವು ದಿಗಂತಕ್ಕೆ ಬಹಳ ಹತ್ತಿರವಿರುವುದರಿಂದ, ಧ್ರುವನಕ್ಷತ್ರವನ್ನು ನೋಡಿ ಹೊಂದಿಸಿದ, ದೂರದರ್ಶಕ ತಿರುಗುವ ಅಕ್ಷವು ನಿಜವಾದ ಧ್ರುವಕ್ಕಿಂತ ಸುಮಾರು 3.6 ಕೋನ ನಿಮಿಷ ಮೇಲಿರುತ್ತದೆಂದು ಮಾದರಿ ಆಗ ತೋರಿಸಿತು.

ಅಕ್ಷವನ್ನು ಅಷ್ಟೇ ಕೆಳಗಿಳಿಸಿ, ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ವೃತ್ತ) ಬಳಿಯ ನಕ್ಷತ್ರವೊಂದನ್ನು ಪೂರ್ವದಲ್ಲಿ ಒಂದು ಗಂಟೆ ಹಿಂಬಾಲಿಸಿದೆ. ಉಳಿದ ಜಾರುವಿಕೆ ಸುಮಾರು 7 ಕೋನ ಸೆಕೆಂಡು (ಕೋನ ನಿಮಿಷದ 60ನೇ ಒಂದು ಭಾಗ ಒಂದು ಕೋನ ಸೆಕೆಂಡು). ಮಾದರಿಯ ಅಂಕಿಯೂ ಅದೇ.