ದುರ್ಯೋಧನನನ್ನು ಕೊನೆಯಿಂದ ಓದಿದೆ

ಕೊನೆಗೂ ದುರ್ಯೋಧನನ ಮೇಲಿನ ನನ್ನ ಲೇಖನ ಅಚ್ಚಾಯಿತು. ಬಹುಮಾನವೂ ಬಂತು, 5,000ದ ಹತ್ತಿರ. ಬಿ.ಎಂ.ಶ್ರೀ ಅವರ ‘ಗದಾಯುದ್ಧ ನಾಟಕಂ’ ಬಂದಿದ್ದು 1926ರಲ್ಲಿ. ಅಂದಿನಿಂದ ದುರ್ಯೋಧನನನ್ನು ದುರಂತ ನಾಯಕ ಎಂದು ಬರೆದವರಿಗೆ ಲೆಕ್ಕವಿಲ್ಲ. ‘ಅದರಲ್ಲಿ ಇನ್ನೇನು ಉಳಿದಿದೆ ಬರೆಯೋಕೆ?’ ಅಂತ ಚಿತ್ರದುರ್ಗದಲ್ಲಿ ನನಗೆ ಪರಿಚಯವಿರುವ ಕನ್ನಡ ಮೇಷ್ಟ್ರುಗಳೆಲ್ಲ ಕೇಳಿದ್ದರು. ನಾಟಕವನ್ನು ಕೊನೆಯಿಂದ ಮೊದಲಿಗೆ ಓದುತ್ತೇನೆ ಅಂದಾಗ, ‘ಅದು ವಿಮರ್ಶೆ ಆಗಲ್ಲ, ಬಿಡ್ರೀ’ ಅಂದರು. ಆಯಿತು. ಹೇಗಾಯಿತು ಅಂತ ಹೇಳುತ್ತೇನೆ. ಅರಿಸ್ಟಾಟಲ್, ಹಮಾರ್ಟಿಯಾ (ನಾಯಕನನ್ನು ಕೆಡವುವ ತಪ್ಪು), ಕೆಥಾರ್ಸಿಸ್ (ನೋಡುವವರ ಭಾವಶುದ್ಧಿ) ಅಂತ ದುರಂತ ನಾಟಕದ ಸಿದ್ಧಾಂತವನ್ನೆಲ್ಲ ಇಲ್ಲಿ ಬಿಟ್ಟುಬಿಡುತ್ತೇನೆ.

ಇದಕ್ಕೆ ಮುಂಚಿನ ಕರಡುಗಳು ಒಂದೂ ನಿಲ್ಲಲಿಲ್ಲ. ಒಂದರಲ್ಲಿ ಅರ್ಧದಷ್ಟು ಬರೀ ಸಿದ್ಧಾಂತವೇ ಇತ್ತು. ದುರ್ಯೋಧನ ಬರುವ ಹೊತ್ತಿಗೆ ಓದುವವರು ಸುಸ್ತಾಗಿರುತ್ತಿದ್ದರು. ಇನ್ನೊಂದು ಗುಣದೋಷದ ಪಟ್ಟಿ: ಅಭಿಮಾನಿ, ಛಲಗಾರ, ಸ್ನೇಹಜೀವಿ, ಹಟಮಾರಿ. ಅಂಥದ್ದನ್ನು ಪರೀಕ್ಷೆಯಲ್ಲಿ ಮಕ್ಕಳೇ ಚೆನ್ನಾಗಿ ಬರೆಯುತ್ತಾರೆ. ಮ್ಯಾಕ್‌ಬೆತ್ ಜೊತೆ ಹೋಲಿಸಿದ್ದನ್ನು ಒಂದು ಪತ್ರಿಕೆಗೆ ಕಳಿಸಿದೆ. ಅವರು ಪ್ರಕಟಣೆಗೆ 2,500 ಕಟ್ಟಿ ಅಂದರು. ಅತಿಥಿ ಉಪನ್ಯಾಸಕನ ಗೌರವಧನ ತಿಂಗಳುಗಟ್ಟಲೆ ಬಂದಿರಲಿಲ್ಲ, ಇದ್ದರೂ ಕೊಡುತ್ತಿರಲಿಲ್ಲ. ಡಿಟಿಪಿಗೆ ಪುಟಕ್ಕೆ 25ರಂತೆ, ತಿದ್ದಿದಾಗಲೆಲ್ಲ ಮತ್ತೆ ಪ್ರಿಂಟು, ಜೆರಾಕ್ಸು, ಸೆಮಿನಾರ್ ಫೀ ಎಲ್ಲ ಸೇರಿ ಮೂರು ಸಾವಿರದ ಮೇಲೆ ಹೋಗಿತ್ತು. ಆಮೇಲೆ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ನಾನೇ ಟೈಪ್ ಮಾಡಲು ಕಲಿತೆ. ಅದೊಂದು ಖರ್ಚು ನಿಂತಿತು.

ಮಾಡಿದ್ದು ಇಷ್ಟು. ಒಂದು ಉದ್ದ ನೋಟ್‌ಬುಕ್. ನಾಟಕದ ಪಕ್ಕದಲ್ಲೇ ರನ್ನನ ‘ಗದಾಯುದ್ಧ’ ಕಾವ್ಯ, ಯಾಕೆಂದರೆ ಬಿ.ಎಂ.ಶ್ರೀ ನಾಟಕ ಕಟ್ಟಿದ್ದೇ ರನ್ನನ ಪದ್ಯಗಳಿಂದ. ಒಂದೊಂದು ಸಂದರ್ಭಕ್ಕೆ ಒಂದೊಂದು ಪುಟ. ಅವನ ಜೊತೆ ಯಾರಿದ್ದಾರೆ, ಅವನನ್ನು ಏನು ಕೇಳುತ್ತಾರೆ, ಅವನು ಏನು ಉತ್ತರ ಕೊಡುತ್ತಾನೆ, ಇಷ್ಟೇ ಬರೆಯುವುದು. ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ: ಇಲ್ಲಿಂದ ವಾಪಸ್ ಬರಬಹುದಿತ್ತಾ? ಇದನ್ನು ಕೊನೆಯ ಪುಟದಿಂದ ಶುರು ಮಾಡಬೇಕು.

ತೊಡೆ ಮುರಿದು ಬಿದ್ದವನಿಗೆ ದಾರಿಯಿಲ್ಲ. ಅದಕ್ಕೂ ಹಿಂದೆ ವೈಶಂಪಾಯನ ಸರೋವರ. ದಡದಲ್ಲಿ ನಿಂತು ಭೀಮ ಅಷ್ಟು ಮೂದಲಿಸಿದ ಮೇಲೂ ನೀರಿನೊಳಗೆ ಸುಮ್ನೆ ಕೂರುವ ಮನುಷ್ಯ ಅವನಲ್ಲ. ಅಲ್ಲೂ ಇಲ್ಲ. ಅದಕ್ಕೂ ಹಿಂದೆ ಶರಶಯ್ಯೆಯಲ್ಲಿದ್ದ ಭೀಷ್ಮ ಸಂಧಿ ಮಾಡಿಕೋ ಅಂದಾಗ? ಅಲ್ಲೂ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ ಧೃತರಾಷ್ಟ್ರ, ಗಾಂಧಾರಿ ಬಂದು ಬೇಡಿಕೊಳ್ಳುತ್ತಾರೆ. ಅವರಿಗೂ ಅವನು ಇಲ್ಲ ಅಂದ, ನಿಜ. ಆದರೆ ಅಜ್ಜನನ್ನು ಕಂಡು ಬರಲು ಹೊರಟ. ಅಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಲ್ಲಿ ಪೆನ್ಸಿಲ್‌ನಲ್ಲಿ ‘ಹೌದು’ ಅಂತ ಬರೆದೆ.

ಹಾಗಾದರೆ ಬಾಗಿಲು ಮುಚ್ಚಿದ್ದು ಅಪ್ಪ-ಅವ್ವನಿಗೂ ಭೀಷ್ಮನಿಗೂ ನಡುವೆ. ಅಲ್ಲಿ ಏನಿದೆ? ಸಂಜಯನ ಜೊತೆ ರಣರಂಗದಲ್ಲಿ ನಡಿಗೆ. ಅಷ್ಟೇ. ಹೆಣಗಳನ್ನು ದಾಟಿಕೊಂಡು ಹೋಗುತ್ತಾನೆ. ದ್ರೋಣ ಬಿದ್ದಿದ್ದಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು, ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಮಗ ಲಕ್ಷಣಕುಮಾರನನ್ನು ಕಂಡು, ಅಪ್ಪನಿಗೆ ಮಗ ನೀರು ಬಿಡಬೇಕಾದದ್ದು, ಈಗ ನಿನಗೆ ನಾನು ಬಿಡುವ ಹಾಗಾಯಿತಲ್ಲ ಅನ್ನುತ್ತಾನೆ. ತಮ್ಮನ ಹೆಣದ ಮುಂದೆ ತಾಯಿಯ ಮೊಲೆಹಾಲಿನ ನೆನಪು: ಅದನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು. ಸಾಯುವುದರಲ್ಲಿ ಮಾತ್ರ ನೀನು ಮುಂದಾದೆ. ಆಮೇಲೆ ಕರ್ಣ. ಇಷ್ಟನ್ನು ನೋಡಿ ಬಂದವನ ಹತ್ತಿರ ಭೀಷ್ಮ ಸಂಧಿಯ ಮಾತಾಡುತ್ತಾನೆ.

ಹತ್ತನೇ ತರಗತಿಯ ‘ಛಲಮನೆ ಮೆಱೆವೆಂ’ ಪಾಠ ಓದಿದವರಿಗೆ ಮುಂದಿನದು ಬಾಯಿಪಾಠ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ ಅಂತಾನೆ. ನಾವೆಲ್ಲ ಅಲ್ಲಿಗೇ ನಿಲ್ಲಿಸಿ ಛಲವೇ ಅವನ ದೋಷ ಅಂತ ಬರೆದುಬಿಡುತ್ತೇವೆ. ಅದೇ ಪದ್ಯ ಮುಂದೆ ಏನು ಹೇಳುತ್ತದೆ ನೋಡಿ. ಕರ್ಣನನ್ನು ಕೊಲ್ಲಿಸಿದ ನೆಲ ಇದು, ಇದರ ಜೊತೆ ಮತ್ತೆ ಬಾಳಲಾ ಅಂತ ಕೇಳುತ್ತಾನೆ. ಅದು ಹಟ ಅಲ್ಲ, ದುಃಖ. ಇಷ್ಟು ಜನ ತನಗಾಗಿ ಸತ್ತ ಮೇಲೆ ತಾನೊಬ್ಬ ಉಳಿದು ರಾಜ್ಯ ಹಂಚಿಕೊಂಡರೆ ಆ ಸಾವುಗಳಿಗೆ ಬೆಲೆ ಏನು? ನನ್ನ ಲೇಖನ ಇದೊಂದೇ ಮಾತಿನ ಮೇಲೆ ನಿಂತಿದೆ. ಮೊದಲಿಂದ ಓದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ, ಖಂಡಿತ.

ಇದನ್ನು ಪರೀಕ್ಷೆ ಮಾಡಬೇಕು ಅನ್ನಿಸಿ ಹಿರಿಯೂರು ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನ ಪಾರ್ಟಿಗೆ ಜಾಸ್ತಿ, 30,000ದ ಆಸುಪಾಸು ಅಂದರು. ಆ ಪಾರ್ಟು ಮಾಡಿದ್ದ ರೈತರನ್ನು ಅಡಿಕೆ ತೋಟದಲ್ಲೇ ಕೂರಿಸಿಕೊಂಡು ಕೇಳಿದೆ. ಅವರು ಹೇಳಿದ್ದು: ‘ಮೊದಲಿಂದ ಮಾತಿಗೊಂದು ಸಲ ಮೀಸೆ ಮೇಲೆ ಕೈ ಹೋಗ್ತದೆ ಮೇಷ್ಟ್ರೇ. ದುಶ್ಶಾಸನ ಸತ್ತ ಮೇಲಿನ ಸೀನಲ್ಲಿ ಯಾಕೋ ಕೈ ಏಳಲ್ಲ. ಹಾರ್ಮೋನಿಯಂ ಮೇಷ್ಟ್ರು ಹೇಳ್ಕೊಟ್ಟಿದ್ದಲ್ಲ ಅದು.’ ರನ್ನನನ್ನು ಓದದ ಮನುಷ್ಯ. ಈ ಮಾತನ್ನು ಹಾಗೇ ಲೇಖನದ ನಡುವೆ ಹಾಕಿದೆ. ಸೆಮಿನಾರಿನಲ್ಲಿ ಎಲ್ಲರೂ ತಲೆ ಎತ್ತಿ ಕೇಳಿದ್ದು ಈ ಜಾಗದಲ್ಲೇ. ಅಂದಿನಿಂದ ಸಾಣೇಹಳ್ಳಿ ನಾಟಕೋತ್ಸವಕ್ಕೆ ಹೋದಾಗಲೂ ನಾನು ಮಾತಿಗಿಂತ ಜಾಸ್ತಿ ನಟರ ಕೈಗಳನ್ನೇ ನೋಡುತ್ತೇನೆ.

ಕಾರ್ನಾಡರ ‘ತುಘಲಕ್’ ಮೇಲೂ ಇದನ್ನೇ ಪ್ರಯೋಗಿಸಿದೆ. ಅಲ್ಲಿ ‘ಇಲ್ಲ, ಇಲ್ಲ’ ಅಂತ ಹಿಂದಕ್ಕೆ ಹೋಗುತ್ತಾ, ಪ್ರಾರ್ಥನೆಯ ಹೊತ್ತಿನಲ್ಲಿ ಸಂಚುಗಾರ ಶಿಹಾಬುದ್ದೀನನನ್ನು ಸುಲ್ತಾನ ತುಘಲಕ್ ತಾನೇ ಇರಿಯುವ ದೃಶ್ಯಕ್ಕೆ ಬಂದು ನಿಂತೆ. ಕೊನೆಯಲ್ಲಿ ಪ್ರಾರ್ಥನೆಯ ಕರೆ ಕೇಳುವಾಗ ಅವನು ನಿದ್ದೆ ಹೋಗಿರುತ್ತಾನೆ, ಅಲ್ವಾ? ಆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಲೇಖನ ಸಿದ್ಧ. ಯಾರಾದರೂ ಬರೆಯಲಿ, ನನ್ನ ಅಭ್ಯಂತರ ಇಲ್ಲ.

ಒಂದು ವಿಷಯ ಮಾತ್ರ ಬಿಟ್ಟುಕೊಡಲ್ಲ. ಕೊನೆಯಿಂದ ಕಂಡದ್ದನ್ನು ಓದುವವರಿಗೆ ಮತ್ತೆ ಮೊದಲಿಂದ ಹೇಳಬೇಕಲ್ಲ, ಆ ಜೋಡಣೆ ಹೇಗೆ ಮಾಡಿದೆ ಅನ್ನುವುದು. ಅದಕ್ಕೇ ಜಾಸ್ತಿ ರಾತ್ರಿಗಳು ಹೋಗಿದ್ದು. ಇನ್ನೂ ಒಂದೆರಡು ಲೇಖನಕ್ಕೆ ಅದು ನನಗೇ ಬೇಕು.

ಈಗ ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಕೈಗೆತ್ತಿಕೊಂಡಿದ್ದೇನೆ. 1929ರದ್ದು, ಸೊಫೊಕ್ಲೀಸನ ‘ಅಜಾಕ್ಸ್’ ಅದಕ್ಕೆ ಮೂಲ. ಅಲ್ಲಿ ತೊಡಕಿದೆ. ಗ್ರೀಕ್ ನಾಟಕದಲ್ಲಿ ನಾಯಕ ಸತ್ತ ಮೇಲೂ ಜಗಳ ಮುಗಿಯಲ್ಲ, ಹೆಣಕ್ಕೆ ಸಂಸ್ಕಾರ ಮಾಡಬೇಕೋ ಬೇಡವೋ ಅಂತ ಇನ್ನೂ ಸಾಕಷ್ಟು ನಡೆಯುತ್ತದೆ. ಕೊನೆಯಿಂದ ಅಂದರೆ ಯಾವ ಕೊನೆ? ಎರಡು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಒಂದು ಅವನ ಸಾವಿನಿಂದ ಹಿಂದಕ್ಕೆ, ಇನ್ನೊಂದು ಪರದೆ ಬೀಳುವಲ್ಲಿಂದ ಹಿಂದಕ್ಕೆ.