ನೆಲಜೀರುಂಡೆಯ ಜೀರ್ಣನಾಳ ಬಿಡಿಸಿ ನೋಡುವುದು ಹೇಗೆ?

ಜಿರಳೆಯ ಚಿತ್ರ ಬರೆದು ಅಭ್ಯಾಸವಿದ್ದವರಿಗೆ ನೆಲಜೀರುಂಡೆಯ ಹೊಟ್ಟೆ ಹೊಸದಾಗಿ ಕಾಣುತ್ತದೆ. ಜಿರಳೆಯ ಮಧ್ಯಕರುಳಿನ ಆರಂಭದಲ್ಲಿರುವ, ಒಂದು ತುದಿ ಮುಚ್ಚಿದ ಎಂಟು ಕುರುಡು ಚೀಲಗಳು ಇದಕ್ಕಿಲ್ಲ. ದೇಹದ ಕಶ್ಮಲವನ್ನು ಕರುಳಿಗೆ ಸೇರಿಸುವ ಮಾಲ್ಪಿಘಿ ನಾಳಗಳು ಜಿರಳೆಗೆ ನೂರಕ್ಕೂ ಹೆಚ್ಚು, ಇದಕ್ಕೆ ನಾಲ್ಕೇ.

ಒಂದು ಜೀರುಂಡೆ ಸಾಕು. ಹೊಲದ ಹುಳುಗಳನ್ನು ತಿಂದು ಬೆಳೆ ಕಾಯುವ ಜೀವವನ್ನು ಸುಮ್ಮನೆ ಕೊಲ್ಲಬಾರದು. ಒಂದು ದಿನ ಉಪವಾಸ ಇಟ್ಟು, ಎರೆಹುಳುವಿನ ತುಂಡು ಕೊಡಿ. ತಿಂದ ಒಂದೆರಡು ಗಂಟೆಯ ಮೇಲೆ ಫ್ರೀಜರ್‌ನಲ್ಲಿಡಿ. ಸತ್ತ ಕೂಡಲೇ ಬಿಡಿಸಬೇಕು. ತಡವಾದರೆ ಕರುಳಿನೊಳಗಿನ ಕಿಣ್ವಗಳು ಕರುಳನ್ನೇ ಕರಗಿಸುತ್ತವೆ, ಚಿಮಟ ತಾಗಿದಲ್ಲಿ ಹರಿಯುತ್ತದೆ. ಬಯಲುಸೀಮೆಯ ಆರು ಬಿಳಿ ಚುಕ್ಕೆಯ ದೊಡ್ಡ ಕಪ್ಪು ಜೀರುಂಡೆ ಜೀವಂತವಾಗಿ ಸಿಕ್ಕಿದ್ದರೆ ಕನ್ನಡಕ ಹಾಕಿಯೇ ಮುಟ್ಟಿ: ಅದು ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ.

ಮೇಣದ ತಟ್ಟೆಯಲ್ಲಿ ಬೆನ್ನು ಮೇಲಾಗಿಸಿ ಪಿನ್ ಚುಚ್ಚಿ. ಲೀಟರಿಗೆ 7.5 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಮುಳುಗಿಸಿ. ಬರೀ ನೀರಾದರೆ ಅಂಗಾಂಶ ಊದಿಕೊಳ್ಳುತ್ತದೆ. ರೆಕ್ಕೆಗವಚ ತೆಗೆದು, ಹೊಟ್ಟೆಯ ಎರಡೂ ಅಂಚಿನಲ್ಲಿ ಹಿಂದಿನಿಂದ ಮುಂದಕ್ಕೆ ಕತ್ತರಿಸಿ. ಕತ್ತರಿಯ ತುದಿ ಮೇಲ್ಮುಖವಾಗಿರಲಿ. ಹೆಚ್ಚಿನವರು ಮಧ್ಯಕರುಳನ್ನು ಹರಿಯುವುದು ಇಲ್ಲೇ. ಬಿಳಿ ಕೊಬ್ಬನ್ನೂ ಬೆಳ್ಳಿಯಂತೆ ಹೊಳೆಯುವ ಉಸಿರುನಾಳಗಳನ್ನೂ ಎಳೆಯದೆ ಬಿಡಿಸಿ.

ಮುಂದಿನಿಂದ ನೋಡುತ್ತ ಬನ್ನಿ. ಅನ್ನನಾಳ ಅಗಲವಾಗಿ ಕ್ರಾಪ್ ಎಂಬ ಚೀಲವಾಗುತ್ತದೆ. ಅದರ ಹಿಂದೆ ಗಟ್ಟಿ ಗುಂಡಿನಂತೆ ಪ್ರೊವೆಂಟ್ರಿಕ್ಯುಲಸ್ ಎಂಬ ಸೋಸುವ ಭಾಗ. ಜೀರ್ಣಕ್ರಿಯೆಯ ಮುಖ್ಯ ಗುಟ್ಟು ಈ ಎರಡರ ನಡುವೆ ಇದೆ. ಕಿಣ್ವ ತಯಾರಾಗುವುದು ಮಧ್ಯಕರುಳಿನಲ್ಲಿ, ಆದರೆ ಅದು ಪ್ರೊವೆಂಟ್ರಿಕ್ಯುಲಸ್ ದಾಟಿ ಮುಂದಕ್ಕೆ, ಕ್ರಾಪಿಗೆ ಬರುತ್ತದೆ. ಹಲವು ಜಾತಿಗಳು ಆ ರಸವನ್ನು ಬೇಟೆಯ ಮೇಲೇ ಕಕ್ಕಿ, ಕರಗಿದ್ದನ್ನು ಹೀರುತ್ತವೆ. ಕರಗದ ಚೂರುಗಳನ್ನು ಪ್ರೊವೆಂಟ್ರಿಕ್ಯುಲಸ್‌ನ ಒಳಗಿನ ರೋಮ, ಏಣುಗಳು ತಡೆಯುತ್ತವೆ.

ಮಧ್ಯಕರುಳಿನ ಹೊರಮೈ ತುಂಬ ಪುಟ್ಟ ಪುಟ್ಟ ಮುಂಚಾಚುಗಳು. ಸವೆದ ಜೀವಕೋಶಗಳ ಜಾಗಕ್ಕೆ ಹೊಸವು ಹುಟ್ಟುವುದು ಇವುಗಳಲ್ಲಿ. ಒಂದು ತೊಟ್ಟು ತೆಳು ಮೆಥಿಲೀನ್ ಬ್ಲೂ (ನೀಲಿ ಬಣ್ಣದ ದ್ರಾವಣ) ಹಾಕಿದರೆ ಸ್ಪಷ್ಟವಾಗುತ್ತವೆ. ಮಾಲ್ಪಿಘಿ ನಾಳಗಳು ಹೊರಡುವಲ್ಲಿ ಹಿಂಗರುಳು ಶುರು; ಅದರ ಕೊನೆಯ ಗುದಚೀಲ ನೀರನ್ನು ಮರಳಿ ಹೀರಿಕೊಳ್ಳುತ್ತದೆ. ಅದರ ಪಕ್ಕದ ಜೋಡಿ ಚೀಲಗಳನ್ನು ಕರುಳಿನ ಭಾಗವೆಂದು ಬರೆದುಕೊಳ್ಳಬೇಡಿ, ಅವು ರಕ್ಷಣಾ ಗ್ರಂಥಿಗಳು. ಒಡೆದರೆ ತಟ್ಟೆಯ ನೀರು ಬದಲಿಸಿ.

ಕೊನೆಗೆ ಕ್ರಾಪನ್ನು ಸ್ಲೈಡಿನ ಮೇಲೆ ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಎರೆಹುಳುವಿನ ಬಿರುಗೂದಲು ಕಂಡರೆ ಜೀರುಂಡೆ ಚೂರುಗಳನ್ನೇ ನುಂಗಿದೆ. ಬರೀ ದ್ರವವಿದ್ದರೆ ಖಾಲಿ ಹೊಟ್ಟೆ ಎಂದುಕೊಳ್ಳಬೇಡಿ. ಅದು ಹೊರಗೇ ಕರಗಿಸಿ ಹೀರಿದ ಊಟವೂ ಆಗಿರಬಹುದು.